ಮೀನು ಪೇಟೆಯಲ್ಲಿ ಬಿಪಿ ಮಿಷನ್: ನನ್ನ ಆನರ್ಸ್ ವರ್ಷ

ಮೂರು ವರ್ಷಕ್ಕೆ ಡಿಗ್ರಿ ಮುಗಿಸಿ ಹೊರಬೀಳಬಹುದಿತ್ತು. ನಮ್ಮ ಕ್ಲಾಸಿನ ಹೆಚ್ಚಿನವರು ಹಾಗೇ ಮಾಡಿದರು. ನಾನು ಸಂಶೋಧನೆ ಮಾಡಿ ನೋಡೋಣ ಅಂತ ನಾಲ್ಕನೇ ವರ್ಷಕ್ಕೆ, ಅಂದರೆ ಆನರ್ಸಿಗೆ, ಉಳಿದೆ. ನಾವು ಸೇರಿದ್ದು 2021ರಲ್ಲಿ. ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಕರ್ನಾಟಕದಲ್ಲಿ ಶುರುವಾಗಿದ್ದೇ ಆ ವರ್ಷ. ರಾಜ್ಯ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ನಮ್ಮದು ಖಾಸಗಿ ವಿಶ್ವವಿದ್ಯಾಲಯ, ಆರೋಗ್ಯ ವಿಜ್ಞಾನದ ಕೋರ್ಸು. ಅಲ್ಲಿ ನಾಲ್ಕನೇ ವರ್ಷ ಹಾಗೇ ಉಳಿದಿತ್ತು.

ಯುಜಿಸಿ ಲೆಕ್ಕ ಸರಳ. ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಇದ್ದರೆ ಸಂಶೋಧನೆಯ ದಾರಿ ಹಿಡಿಯಬಹುದು. ಒಟ್ಟು 160 ಕ್ರೆಡಿಟ್, ಅದರಲ್ಲಿ 12 ಪ್ರಬಂಧಕ್ಕೆ. ಕಾಗದದ ಮೇಲೆ 12 ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ವರ್ಷದ ಮುಕ್ಕಾಲು ಪಾಲನ್ನು ಅದೇ ನುಂಗುತ್ತದೆ.

ನನ್ನೂರು ಅಂಕೋಲಾ ಕಡೆ. ಮೊದಲು ನನ್ನ ತಲೆಯಲ್ಲಿದ್ದದ್ದು ಉಪ್ಪು. ಮಳೆಗಾಲಕ್ಕೆ ಮುಂಚೆ ಒಣಮೀನು ಕಟ್ಟಿಡದ ಮನೆ ನಮ್ಮ ಕಡೆ ಕಡಿಮೆ. ಗಂಜಿಗೆ ಮಿಡಿ ಉಪ್ಪಿನಕಾಯಿ ಇರಲೇಬೇಕು. ಸಾಣಿಕಟ್ಟಾದ ಉಪ್ಪಿನ ಗದ್ದೆಗಳೂ ದೂರವಿಲ್ಲ. ಮೀನು ಮಾರುವ ಹೆಂಗಸರು ಎಷ್ಟು ಉಪ್ಪು ತಿನ್ನುತ್ತಾರೆ, ಅವರ ಬಿಪಿ ಎಷ್ಟಿದೆ, ಇದನ್ನು ನೋಡುತ್ತೇನೆ ಅಂತ ಗೈಡ್ ಮೇಡಂ ಹತ್ತಿರ ಹೇಳಿದೆ.

"ಉಪ್ಪು ಹೇಗೆ ಅಳೀತೀಯಮ್ಮಾ?" ಅಂದರು ಮೇಡಂ.

ದಿನಕ್ಕೆ 5 ಗ್ರಾಂಗಿಂತ ಕಡಿಮೆ ತಿನ್ನಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಬ್ಬರು ನಿಜಕ್ಕೂ ಎಷ್ಟು ತಿಂದರು ಅಂತ ಸರಿಯಾಗಿ ತಿಳಿಯಬೇಕಾದರೆ 24 ಗಂಟೆಯ ಮೂತ್ರವನ್ನು ಒಂದು ಕ್ಯಾನಿನಲ್ಲಿ ಸಂಗ್ರಹಿಸಬೇಕು. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು, ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಹರಾಜು ಕೂಗಿ, ಬುಟ್ಟಿ ಹೊತ್ತು ಪೇಟೆಗೆ ಬಂದು, ಮಧ್ಯಾಹ್ನದವರೆಗೆ ಅಲ್ಲೇ ಕೂರುವ ಹೆಂಗಸಿನ ಕೈಗೆ ಕ್ಯಾನು ಕೊಡೋದು ಹೇಗೆ? ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಅಂತ ನೀರನ್ನೇ ಕಡಿಮೆ ಕುಡಿಯುವವರು ಅವರು. ಉಪ್ಪು ಅಲ್ಲಿಗೆ ಬಿತ್ತು. ಉಳಿದದ್ದು ಇಷ್ಟೇ: 30 ದಾಟಿದ ಮೀನು ಮಾರುವ ಹೆಂಗಸರಲ್ಲಿ ಎಷ್ಟು ಜನರಿಗೆ ಬಿಪಿ ಜಾಸ್ತಿ ಇದೆ, ಅವರಲ್ಲಿ ಎಷ್ಟು ಜನರಿಗೆ ಅದು ಮೊದಲೇ ಗೊತ್ತು? ಕೇಳಲು ಸಪ್ಪೆ. ಆದರೆ ಒಂದು ವರ್ಷದಲ್ಲಿ, ಒಬ್ಬಳೇ, ಬಸ್ಸಿನಲ್ಲಿ ಓಡಾಡಿ ಉತ್ತರ ಹುಡುಕಬಹುದಾದ ಪ್ರಶ್ನೆ. ಆನರ್ಸಿಗೆ ಇಂಥದ್ದೇ ಬೇಕು. ದೊಡ್ಡ ಪ್ರಶ್ನೆ ಹಿಡಿದ ಗೆಳೆಯರು ಮಾರ್ಚ್‌ನಲ್ಲೂ ಪ್ರಶ್ನಾವಳಿ ತಿದ್ದುತ್ತಿದ್ದರು.

ಎಷ್ಟು ಜನರನ್ನು ನೋಡಬೇಕು ಅನ್ನುವುದಕ್ಕೆ ಒಂದು ಸೂತ್ರ ಇದೆ. ನೂರರಲ್ಲಿ 30 ಜನರಿಗೆ ಬಿಪಿ ಇರಬಹುದು ಅಂತ ಇಟ್ಟುಕೊಳ್ಳಿ. ಉತ್ತರ ಆಚೀಚೆ 5ರೊಳಗೆ ಇರಬೇಕು ಅಂದರೆ 4ನ್ನು 30ರಿಂದ, ಅದನ್ನು 70ರಿಂದ ಗುಣಿಸಿ, 5ರ ವರ್ಗದಿಂದ ಭಾಗಿಸಬೇಕು. 336 ಬರುತ್ತದೆ. ಆಚೀಚೆ 10 ಆದರೂ ಸಾಕು ಅಂದರೆ 84. ನಿಖರತೆ ಅರ್ಧಕ್ಕಿಳಿದರೆ ಕೆಲಸ ಕಾಲು ಭಾಗಕ್ಕಿಳಿಯುತ್ತದೆ ಅಂತ ಆವತ್ತು ಮನಸ್ಸಿಗೆ ಹೊಕ್ಕಿತು. ನಾವು 10ಕ್ಕೇ ಒಪ್ಪಿಕೊಂಡೆವು. ಅದನ್ನು ಪ್ರಬಂಧದಲ್ಲಿ ಮುಚ್ಚಿಡದೆ ಬರೆದೆವು.

ಆಮೇಲೆ ನೈತಿಕ ಸಮಿತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಮನುಷ್ಯರ ಮೇಲೆ ಮಾಡುವ ಅಧ್ಯಯನ ಯಾವುದೇ ಇರಲಿ, ಸಮಿತಿಯ ಒಪ್ಪಿಗೆ ಸಿಗುವ ಮುಂಚೆ ಒಬ್ಬರ ಅಂಕಿಯನ್ನೂ ಬರೆದುಕೊಳ್ಳುವ ಹಾಗಿಲ್ಲ. ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು. ಆದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿ ಇರಬೇಕು. ಅರ್ಜಿ ಹಾಕಿದ್ದು ಮಳೆಗಾಲದಲ್ಲಿ. 2024ರ ಜುಲೈನಲ್ಲೇ ನಮ್ಮ ಅಂಕೋಲಾ ಕಡೆಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು, ಆಗಸ್ಟ್‌ನಲ್ಲಿ ಕಾರವಾರದ ಹತ್ತಿರ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು. ಊರಿಗೆ ಹೋಗೋದೇ ಒಂದು ಸಾಹಸ ಆಗಿದ್ದ ದಿನಗಳು. ಹೇಗೂ ಜೂನ್, ಜುಲೈ ಎರಡು ತಿಂಗಳು ಟ್ರಾಲಿಂಗ್ ನಿಷೇಧ. ಪೇಟೆಯಲ್ಲಿ ತಾಜಾ ಮೀನೂ ಕಡಿಮೆ, ಮಾರುವವರೂ ಕಡಿಮೆ. ಮಳೆ ಮುಗಿಯುವವರೆಗೆ ಕಾದದ್ದರಿಂದ ನನಗೆ ನಷ್ಟವೇನೂ ಆಗಲಿಲ್ಲ.

ಸಮಿತಿ ಒಪ್ಪಿಗೆ ಪತ್ರದ ಬಗ್ಗೆ ಜಾಸ್ತಿ ಕೇಳುತ್ತದೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆಯೇ. "ಯಾರದ್ದಾದರೂ ಬಿಪಿ ತುಂಬಾ ಜಾಸ್ತಿ ಬಂತು. ನೀನು ಡಾಕ್ಟರಲ್ಲ. ಏನು ಮಾಡ್ತೀಯ?" ಬರೆದುಕೊಂಡು ಮುಂದಿನವರ ಹತ್ತಿರ ಹೋಗುತ್ತೇನೆ ಅನ್ನಲು ಆಗುತ್ತಾ? ಹಾಗಾಗಿ ಮೊದಲೇ ತಾಲೂಕು ಆರೋಗ್ಯಾಧಿಕಾರಿಗಳನ್ನು ಕಂಡು ಅನುಮತಿ ತೆಗೆದುಕೊಂಡೆ. 140/90 ದಾಟಿದವರಿಗೆ ಒಂದು ಚೀಟಿ ಕೊಟ್ಟು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕಳಿಸೋದು. 180/110 ದಾಟಿದರೆ ಅವತ್ತೇ ಕಳಿಸೋದು, ಜೊತೆಗೆ ಯಾರಾದರೂ ಹೋಗೋದು. ಮಾತ್ರೆಯ ಬಗ್ಗೆ ನಾನು ತುಟಿ ಬಿಚ್ಚುವ ಹಾಗಿಲ್ಲ. ನನ್ನ ಇಡೀ ಪ್ರಬಂಧದಲ್ಲಿ ನಿಜವಾಗಿ ಉಪಯೋಗಕ್ಕೆ ಬಂದ ಪುಟ ಯಾವುದು ಅಂದರೆ ಇದೇ.

ಬಿಪಿ ನೋಡೋದು ಸುಲಭ ಅಂತ ಎಲ್ಲರೂ ತಿಳಿದಿದ್ದಾರೆ. ಪಟ್ಟಿ ಸುತ್ತು, ಗುಂಡಿ ಒತ್ತು. ಅಂತರರಾಷ್ಟ್ರೀಯ ಹೈಪರ್‌ಟೆನ್ಷನ್ ಸೊಸೈಟಿಯ 2020ರ ಮಾರ್ಗಸೂಚಿಯನ್ನು ಒಮ್ಮೆ ಓದಿ, ಆಮೇಲೆ ಅದನ್ನು ಹಿಡಿದು ಮೀನು ಪೇಟೆಗೆ ಹೋಗಿ ನೋಡಿ. ಬೆನ್ನಿಗೆ ಆಸರೆ ಇರುವ ಕುರ್ಚಿ ಬೇಕು. ಇವರು ಕೂರುವುದು ನೆಲದಲ್ಲಿ, ಇಲ್ಲವೇ ಮಣೆ ಮೇಲೆ, ಕಾಲು ಮಡಚಿ. ಅರ್ಧ ಗಂಟೆ ಮೊದಲಿಂದ ಚಹಾ ಕುಡಿದಿರಬಾರದು, ತಂಬಾಕು ಮುಟ್ಟಿರಬಾರದು. ಇಲ್ಲಿ ಚಹಾ ಬರುತ್ತಲೇ ಇರುತ್ತದೆ, ಬಾಯಲ್ಲಿ ಕವಳ ಇದ್ದೇ ಇರುತ್ತದೆ. ಮೂತ್ರ ಕಟ್ಟಿಕೊಂಡಿರಬಾರದು. ಅದರ ಕಥೆ ಆಗಲೇ ಹೇಳಿದೆ. ಮೂರರಿಂದ ಐದು ನಿಮಿಷ ಸುಮ್ಮನೆ ಕೂತಿರಬೇಕು. ನೋಡುವಾಗ ಮಾತಾಡಬಾರದು, ನೋಡುವವರೂ ಮಾತಾಡಬಾರದು. ಬಂಗಡೆ ರೇಟು ಕೂಗುತ್ತಾ, ಗಿರಾಕಿ ಜೊತೆ ಜಗಳ ಆಡುತ್ತಾ ಇರುವವರಿಗೆ ಬಾಯಿ ಮುಚ್ಚಿ ಅನ್ನಲು ನಾನು ಯಾರು? ಮೊದಲ ದಿನವೇ ಒಬ್ಬರು ಅಂದರು, "ತಂಗೀ, ಮೀನು ಬೇಕಾ? ಬೇಡ್ವಾ? ಬೇಡಾಂದ್ರೆ ಈಚೆ ಸರಿ, ಗಿರಾಕಿ ಬಂದ್ರು."

ಅಷ್ಟರ ಮೇಲೆ ಪೇಟೆಯಲ್ಲಿ ಮಾಡಿದ್ದು ಪರಿಚಯ ಮಾತ್ರ. ಹೆಸರು ಬರೆದುಕೊಂಡು ಮಧ್ಯಾಹ್ನ ಮೂರರ ಮೇಲೆ ಅವರ ಕೇರಿಗೇ ಹೋಗುತ್ತಿದ್ದೆ. ಊಟ, ಸ್ನಾನ ಮುಗಿದಿರುತ್ತಿತ್ತು. ಅಂಗನವಾಡಿಯ ಜಗುಲಿಯಲ್ಲೋ ಯಾರದೋ ಮನೆಯ ಅಂಗಳದಲ್ಲೋ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೈಗೆ ಎದೆಮಟ್ಟದ ಆಸರೆ ಕೊಟ್ಟು, ನಿಮಿಷ ಬಿಟ್ಟು ನಿಮಿಷ ಮೂರು ಸಲ ನೋಡೋದು. ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ಹಿಡಿಯೋದು. ಮೊದಲನೆಯದು ಹೆಚ್ಚಾಗಿ ಮೇಲೇ ಇರುತ್ತಿತ್ತು, ಹೆದರಿಕೆಗೆ.

ಇನ್ನು ರವಿಕೆ ತೋಳಿನ ಸಮಸ್ಯೆ. ಬಿಗಿ ತೋಳನ್ನು ಮೇಲಕ್ಕೆ ಮಡಚಿದರೆ ಅದೇ ಹಗ್ಗ ಬಿಗಿದ ಹಾಗೆ ಆಗಿ ಅಂಕಿ ಕೆಡುತ್ತದೆ. ಹಾಗಾಗಿ ಗಂಡಸರು ಸುಳಿಯದ ಜಾಗ ಬೇಕಾಯಿತು, ಸಡಿಲ ನೈಟಿ ಹಾಕಿಕೊಂಡಿದ್ದವರದ್ದು ಸುಲಭವಾಯಿತು. ಪಟ್ಟಿಯ ಅಳತೆಯೂ ಮುಖ್ಯ. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟಾದರೂ ಸುತ್ತಬೇಕು. ಬುಟ್ಟಿ ಹೊತ್ತು ಹೊತ್ತು ದಪ್ಪಗಾದ ತೋಳಿಗೆ ಸಣ್ಣ ಪಟ್ಟಿ ಹಾಕಿದರೆ ಇಲ್ಲದ ಬಿಪಿ ಇದೆ ಅಂತ ತೋರಿಸುತ್ತದೆ. ಮಿಷನ್ ಜೊತೆ ಬರುವುದು ಸಾಮಾನ್ಯವಾಗಿ ಒಂದೇ ಪಟ್ಟಿ. ದೊಡ್ಡದನ್ನು ಬೇರೆ ತರಿಸಿಕೊಂಡೆ. ವಿಭಾಗದಲ್ಲಿ ಅದಕ್ಕೆ ದುಡ್ಡಿಲ್ಲ ಅಂದರು. ಅಪ್ಪ ಕೊಟ್ಟರು.

ಒಬ್ಬ ಅಕ್ಕ ಮಾತ್ರ ಕೇರಿಗೆ ಬರಬೇಡ, ಇಲ್ಲೇ ನೋಡು ಅಂತ ಪಟ್ಟು ಹಿಡಿದರು. ಪಕ್ಕದ ಚಹಾ ಅಂಗಡಿಯವರ ಕುರ್ಚಿ ತಂದು, ಐದು ನಿಮಿಷ ಕೂರಿಸಿ ನೋಡಿದೆ. ಮೇಲಿನದು 180 ದಾಟಿತ್ತು. ಮತ್ತೆ ಕಾದು ನೋಡಿದೆ. ಇಳಿಯಲಿಲ್ಲ. "ನಂಗೇನಾಗಿದೆ? ತಲೆನೋವೂ ಇಲ್ಲ" ಅಂದರು. ಬಿಪಿ ಹಾಗೇ, ಹೆಚ್ಚಿನವರಿಗೆ ಏನೂ ಗೊತ್ತಾಗೋದಿಲ್ಲ. ಆಸ್ಪತ್ರೆಗೆ ಹೋಗೋಣ ಅಂದರೆ ಬುಟ್ಟಿಯಲ್ಲಿ ಇನ್ನೂ ಅರ್ಧ ಶೆಟ್ಲಿ (ಸೀಗಡಿ) ಇತ್ತು. ಖಾಲಿ ಆಗದೆ ಎದ್ದೇಳೋದಿಲ್ಲ ಅಂದರು. ಸಾಲದ ದುಡ್ಡಲ್ಲಿ ಹರಾಜಿನಲ್ಲಿ ಹಿಡಿದ ಮಾಲು, ಸಂಜೆಯೊಳಗೆ ದುಡ್ಡು ತಿರುಗಿಸಬೇಕು. ಕೊನೆಗೆ ಪಕ್ಕದಲ್ಲಿ ಕೂತಿದ್ದವರೇ ಬುಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡು "ನೀ ಹೋಗಿ ಬಾ, ನಾ ಮಾರ್ತೆ" ಅಂದರು. ಅವರು ಹಾಗೆ ಅನ್ನದಿದ್ದರೆ ಸಮಿತಿಗೆ ನಾನು ಬರೆದುಕೊಟ್ಟ ಪುಟ ಬರೀ ಪುಟವಾಗಿ ಉಳಿಯುತ್ತಿತ್ತು. ಆ ಅಕ್ಕನ ಅಂಕಿಯನ್ನು ಪೇಟೆಯಲ್ಲಿ ತೆಗೆದದ್ದು ಅಂತ ಲೆಕ್ಕದಿಂದ ಹೊರಗಿಟ್ಟೆವು. ಚಿಕಿತ್ಸೆ ಶುರುವಾಯಿತು, ಅಷ್ಟು ಸಾಕು.

ಬರವಣಿಗೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಅಂಕಿಗಳನ್ನು ಕೋಬೋ ಟೂಲ್‌ಬಾಕ್ಸ್ ಅನ್ನುವ ಸಮೀಕ್ಷೆಯ ಆ್ಯಪ್‌ನಲ್ಲಿ ಫೋನಿನಲ್ಲೇ ತುಂಬಿದ್ದೆ. ಅದು ನೆಟ್‌ವರ್ಕ್ ಇಲ್ಲದ ಕೇರಿಯಲ್ಲೂ ನಡೆಯುತ್ತದೆ. ನಕಲು ಪರೀಕ್ಷೆಯಲ್ಲಿ ಶೇ. 10ರೊಳಗೆ ಬರಬೇಕು. ಸ್ವಂತ ಮಾತಲ್ಲಿ ಬರೆದವರಿಗೆ ಅದೇನು ಕಷ್ಟವಲ್ಲ.

ಸಿಕ್ಕಿದ ಉತ್ತರದಲ್ಲಿ ನನಗೆ ಹೊಸದಾಗಿ ಕಂಡದ್ದು ಒಂದು. ಬಿಪಿ ಇದ್ದೂ ಗೊತ್ತಿಲ್ಲದವರಲ್ಲಿ ಅನೇಕರು ಕೊನೇ ಸಲ ಬಿಪಿ ನೋಡಿಸಿಕೊಂಡಿದ್ದು ಬಸುರಿಯಾಗಿದ್ದಾಗ. ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ. 30 ದಾಟಿದವರ ತಪಾಸಣೆಗೆ ಆಶಾ ಕಾರ್ಯಕರ್ತೆಯರು ಮನೆಗೆ ಬರುವುದಿಲ್ಲ ಅಂತಲ್ಲ. ಅವರು ಬರುವುದು ಬೆಳಗಿನ ಹೊತ್ತು, ಇವರು ಆಗ ಪೇಟೆಯಲ್ಲಿ. ಇದನ್ನು ಒಂದು ಪುಟ ಕನ್ನಡದಲ್ಲಿ ಬರೆದು ತಾಲೂಕು ಕಚೇರಿಗೆ ಕೊಟ್ಟೆ, ಮಧ್ಯಾಹ್ನ ಮೂರರ ಮೇಲೆ ಬಂದರೆ ಸಿಗುತ್ತಾರೆ ಅಂತ. ಇಂಗ್ಲಿಷ್ ಪ್ರಬಂಧವನ್ನು ಅಲ್ಲಿ ಯಾರು ಓದುತ್ತಾರೆ ಹೇಳಿ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಮೀನು ಮಾರುವುದರಿಂದಲೇ ಬಿಪಿ ಬರುತ್ತದಾ ಅಂತ ಕೇಳಿದರು. ಗೊತ್ತಾಗೋದಿಲ್ಲ ಸರ್ ಅಂದೆ. ಒಂದೇ ಸಲ ನೋಡಿದ ಅಧ್ಯಯನದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳಲು ಬರುವುದಿಲ್ಲ. ಹೋಲಿಸಲು ಬೇರೆ ಕೆಲಸದ ಹೆಂಗಸರ ಗುಂಪೂ ನನ್ನಲ್ಲಿರಲಿಲ್ಲ. ಅವರಿಗೆ ಬೇಕಿದ್ದ ಉತ್ತರ ಅದೇ ಇರಬೇಕು, ಮುಂದಿನ ಪುಟಕ್ಕೆ ಹೋದರು. ಶೇ. 75 ಇರುವ ನಾಲ್ಕು ವರ್ಷದ ಪದವಿಯವರು ಈಗ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ನಾನು ಸದ್ಯ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಎಂ.ಪಿ.ಎಚ್.ಗೆ ಹಾಕಿದ್ದೇನೆ. ಮಿಷನ್ ಮತ್ತು ದೊಡ್ಡ ಪಟ್ಟಿಯನ್ನು ಕೇರಿಯ ಅಂಗನವಾಡಿಯಲ್ಲೇ ಬಿಟ್ಟು ಬಂದೆ. ಬ್ಯಾಟರಿ ಮಾತ್ರ ಅವರೇ ಹಾಕಿಕೊಳ್ಳಬೇಕು.