ಅಂಕ ಬರೆಯಲು ಕೂರಿಸಬೇಡಿ

ನಮ್ಮ ಅಣ್ಣನಿಗೆ ಮೂರನೇ ವರ್ಷಕ್ಕೆ ಪೋಲಿಯೊ ಆಗಿ ಎಡಗಾಲು ಸೊರಗಿತು. ಕಲಬುರಗಿಯ ನಮ್ಮ ಓಣಿಯಲ್ಲಿ ಯಾವ ಆಟ ನಡೆದರೂ ಅವನ ಕೈಗೆ ನೋಟ್‌ಬುಕ್ಕು, ಪೆನ್ನು ಕೊಟ್ಟು ಅಂಕ ಬರೆಯಲು ಕೂರಿಸುತ್ತಿದ್ದೆವು. ಅವನಿಗೂ ಒಂದು ಕೆಲಸ ಸಿಕ್ಕಿತಲ್ಲ ಅಂತ ನಾನು ಖುಷಿಪಡುತ್ತಿದ್ದೆ. ನಲವತ್ತು ದಾಟಿದ ಮೇಲೆ ಒಂದು ಸಂಜೆ ಅವನೇ ಹೇಳಿದ: "ನನಗೂ ಆಡಬೇಕು ಅನಸ್ತಿತ್ತು. ಯಾರೂ ಕೇಳಲಿಲ್ಲ ನೋಡು."

ನಮ್ಮ ಭಾನುವಾರದ ಆಟ ಆ ಮಾತಿನಿಂದಲೇ ಶುರುವಾಯಿತು. ನಿಮ್ಮ ಓಣಿಯಲ್ಲೂ ಎಲ್ಲರನ್ನೂ ಆಡಿಸಬೇಕು ಅಂತಿದ್ದರೆ ಮೊದಲು ಹೋಗಿ ಕೇಳಿ. ಅಪ್ಪ ಅಮ್ಮನನ್ನಲ್ಲ, ಆಡುವವರನ್ನೇ. "ನಿನಗೆ ಏನಾಗಿದೆ" ಅಂತಲ್ಲ, "ಯಾವ ಆಟ ಇಷ್ಟ" ಅಂತ. ನಮ್ಮ ಕಡೆ ದಖನಿ, ತೆಲುಗು, ಮರಾಠಿ ಆಡುವ ಮನೆಗಳೂ ಇವೆ. ಆ ಮಾತು ಬಲ್ಲವರೊಬ್ಬರು ಜೊತೆಗಿರಲಿ.

ಆಮೇಲೆ ದಾರಿ ನೋಡಿ. ನಮ್ಮದು ಎರಿ ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಗಾಲಿಕುರ್ಚಿಯವರು ಮೈದಾನದ ಗೇಟಿನಲ್ಲೇ ನಿಂತುಬಿಡುತ್ತಾರೆ. ನಾವು ಗೇಟಿನಿಂದ ಆಟದ ಜಾಗದವರೆಗೆ ಶಹಾಬಾದ್ ಫರ್ಸಿ ಹಾಸಿದೆವು, ಮೂರೂವರೆ ಅಡಿ ಅಗಲ. ಪಾಲಿಶ್ ಮಾಡಿದ ಕಲ್ಲು ಬೇಡ, ನೀರು ಬಿದ್ದರೆ ಜಾರುತ್ತದೆ. ಒರಟು ಕಲ್ಲೇ ತನ್ನಿ. ಮೆಟ್ಟಿಲಿದ್ದಲ್ಲಿ ಇಳಿಜಾರು ಕಟ್ಟಬೇಕು, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಾವು ಜಾಗ ಉಳಿಸಲು ಐದು ಅಡಿಗೆ ಮುಗಿಸಿದ್ದೆವು. ಮೊದಲ ದಿನವೇ ಒಂದು ಕುರ್ಚಿ ಹಿಂದಕ್ಕೆ ವಾಲಿತು. ಹಿಂದೆ ಹುಡುಗರಿದ್ದರು, ಹಿಡಿದರು. ಮರುದಿನವೇ ಕಿತ್ತು ಮತ್ತೆ ಕಟ್ಟಿದೆವು. ಸರಕಾರಿ ಜಾಗವಾಗಿದ್ದರೆ ಅರ್ಜಿಯಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಂ ಬರೆಯಿರಿ. ಅದು ಆಟೋಟದ ಬಗ್ಗೆಯೇ ಇದೆ.

ಯಾವ ಆಟ? ನನ್ನನ್ನು ಕೇಳಿದರೆ ಕುಳಿತು ಆಡುವ ವಾಲಿಬಾಲ್‌ನಿಂದ ಶುರು ಮಾಡಿ. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ಬಲೆಯ ಮೇಲಂಚು ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05. ಚೆಂಡು ಮುಟ್ಟುವಾಗ ಕುಂಡಿ ನೆಲ ಬಿಡಬಾರದು, ಅಷ್ಟೇ. ಕಾಲು ಗಟ್ಟಿ ಇದ್ದವರೂ ಕುಳಿತೇ ಆಡಲಿ. ಆಗ ಗೊತ್ತಾಗುತ್ತದೆ, ಇಲ್ಲಿ ಕೈ ಊರಿ ಸರಿಯುವುದೇ ದೊಡ್ಡ ವಿದ್ಯೆ. ಅದರಲ್ಲಿ ನಮ್ಮ ಅಣ್ಣನನ್ನು ಮೀರಿಸುವವರಿಲ್ಲ. ಹಾಸಲು ತೊಗರಿ ಒಣಹಾಕುವ ತಾಡಪತ್ರಿ ಸಾಕು. ಹಾಸುವ ಮುಂಚೆ ನೆಲ ಗುಡಿಸಿ, ಜಾಲಿ ಮುಳ್ಳು ಆರಿಸಿ. ಇದನ್ನು ಒಂದು ದಿನವೂ ತಪ್ಪಿಸಬೇಡಿ.

ಕಣ್ಣು ಕಾಣದವರಿಗೆ ಕ್ರಿಕೆಟ್ ಇದೆ. 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ ನಮ್ಮ ರಾಜ್ಯದ ಶೇಖರ್ ನಾಯ್ಕ್. ಈ ಆಟದಲ್ಲಿ ಗಟ್ಟಿ ಪ್ಲಾಸ್ಟಿಕ್ ಚೆಂಡಿನೊಳಗೆ ಬೇರಿಂಗ್ ಗುಂಡುಗಳಿರುತ್ತವೆ, ಉರುಳಿದರೆ ಗಲಗಲ ಅನ್ನುತ್ತದೆ. ಕೈ ಕೆಳಗಿಟ್ಟೇ ಎಸೆಯಬೇಕು. ಬೌಲರ್ "ರೆಡಿ?" ಅನ್ನುತ್ತಾನೆ, ಬ್ಯಾಟ್ಸ್‌ಮನ್ "ಯೆಸ್" ಅಂದ ಮೇಲೆ "ಪ್ಲೇ" ಅಂತ ಚೆಂಡು ಬಿಡುತ್ತಾನೆ. ಪೂರ್ತಿ ಕಾಣದವರ ಓಟಗಳಿಗೆ ಎರಡರಷ್ಟು ಲೆಕ್ಕ. ಆ ಚೆಂಡು ಸಿಗುವವರೆಗೆ ಸಾದಾ ಚೆಂಡಿಗೆ ಬರಬರ ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿ. ಒಂದೇ ಮಾತು, ಚೆಂಡು ಉರುಳುವಾಗ ನೋಡುವವರು ಸುಮ್ನೆ ಇರಬೇಕು. ಚಪ್ಪಾಳೆ ಆಮೇಲೆ. ನಮ್ಮ ಜನಕ್ಕೆ ಇದು ಕಲಿಯಲು ಎರಡು ತಿಂಗಳು ಹಿಡಿಯಿತು!

ಕಿವಿ ಕೇಳದವರಿದ್ದರೆ ಸೀಟಿಯ ಜೊತೆ ಕೆಂಪು ಬಟ್ಟೆಯನ್ನೂ ಎತ್ತಿ.

ಹೆಣ್ಣುಮಕ್ಕಳು ಬರುತ್ತಿಲ್ಲ ಅಂದರೆ ಅವರಿಗೆ ಆಸೆ ಇಲ್ಲ ಅಂದುಕೊಳ್ಳಬೇಡಿ. ಚಿಲಕ ಬೀಳುವ ಶೌಚಾಲಯ ಇದೆಯಾ? ಅದರ ಬೀಗದ ಕೈ ಹೆಂಗಸೊಬ್ಬರ ಹತ್ತಿರ ಇದೆಯಾ? ಕತ್ತಲಾಗುವ ಮುಂಚೆ ಆಟ ಮುಗಿಯುತ್ತದಾ? ನಮ್ಮಲ್ಲಿ ಈ ಮೂರೂ ಆದ ಮೇಲೆ ಖೊಖೊಗೆ ಹದಿನಾಲ್ಕು ಜನ ಬಂದರು, ಇಬ್ಬರು ಅತ್ತೆಯಂದಿರೂ ಸೇರಿ.

ಬಿಸಿಲನ್ನು ಹಗುರ ಮಾಡಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಎಂಟಕ್ಕೆ ನಿಲ್ಲಿಸಿ. ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಮೈ ಸರಿಯಾಗಿ ಬೆವರುವುದಿಲ್ಲ. ಮೈ ಬಿಸಿಯೇರಿದ್ದು ಅವರಿಗೇ ತಡವಾಗಿ ಗೊತ್ತಾಗುತ್ತದೆ. ಅವರನ್ನು ಹತ್ತು ನಿಮಿಷಕ್ಕೊಮ್ಮೆ ನೆರಳಿಗೆ ಕರೆಯಿರಿ. ಕುತ್ತಿಗೆಗೆ ಒದ್ದೆ ಟವೆಲ್ ಹಾಕಿ, ನೀರು ಕುಡಿಸಿ.

ಅಂಕ ಬರೆಯುವ ಕೆಲಸಕ್ಕೆ ಪಾಳಿ ಹಾಕಿ, ಆಟಕ್ಕೊಬ್ಬರಂತೆ. ಕಳೆದ ಭಾನುವಾರ ನೋಟ್‌ಬುಕ್ಕು ನನ್ನ ಕೈಯಲ್ಲಿತ್ತು. ಅಣ್ಣ ಸರ್ವ್ ಮಾಡುತ್ತಿದ್ದ.