ಹಿಟ್ಟು ಕಲಸಿದ್ದು ಅಪ್ಪನೋ ಅಮ್ಮನೋ: ಚಿತ್ರಪುಸ್ತಕ ಮೂರು ಸಲ ಓದುವ ಬಗೆ

ಪುಸ್ತಕದಲ್ಲಿ ಅಪ್ಪ ಚಪಾತಿ ಹಿಟ್ಟು ಕಲಸುತ್ತಿದ್ದಾನೆ. ಮಗು ನೋಡಿ ನಕ್ಕು ಪುಟ ತಿರುಗಿಸುತ್ತದೆ. ವಾರ ಬಿಟ್ಟು ಕಥೆ ಹೇಳಿಸಿದರೆ ಹಿಟ್ಟು ಕಲಸಿದ್ದು ಅಮ್ಮ ಅನ್ನಬಹುದು. ಅದು ಸುಳ್ಳಲ್ಲ. ಅಮೆರಿಕದಲ್ಲಿ ಮಾರ್ಟಿನ್ ಮತ್ತು ಹಾಲ್ವರ್ಸನ್ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದಾರು ವರ್ಷದ ಮಕ್ಕಳು ಹೀಗೇ ಮಾಡಿದ್ದರು. ಇದು ಗಂಡಿನ ಕೆಲಸ, ಅದು ಹೆಣ್ಣಿನ ಕೆಲಸ ಎಂಬ ರೂಢಿಗೆ ಒಗ್ಗದ ಚಿತ್ರಗಳನ್ನು ವಾರದ ನಂತರ ನೆನಪಿಸಿಕೊಳ್ಳುವಾಗ ಗಂಡನ್ನು ಹೆಣ್ಣು, ಹೆಣ್ಣನ್ನು ಗಂಡು ಮಾಡಿಕೊಂಡಿದ್ದರು. ಹಾಗಾಗಿ ಈ ರೂಢಿ ಸಡಿಲಿಸಲೆಂದು ಒಳ್ಳೆಯ ಪುಸ್ತಕ ತಂದು ಒಂದು ಸಲ ಓದಿ ಕಪಾಟಿಗಿಟ್ಟರೆ ಪ್ರಯೋಜನ ಕಡಿಮೆ.

ಇಂಥ ಓದು ಶುರು ಮಾಡಲು ಮೂರು ವರ್ಷ ಬೇಗ ಅಲ್ಲ. ಗಂಡು, ಹೆಣ್ಣು ಅನ್ನುವ ವಿಂಗಡಣೆ ಅಷ್ಟರಲ್ಲಿ ಮಗುವಿಗೆ ಬಂದಿರುತ್ತದೆ. 'ಸೈನ್ಸ್' ಪತ್ರಿಕೆಯಲ್ಲಿ 2017ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಐದು ವರ್ಷದ ಹುಡುಗಿಯರು 'ತುಂಬಾ ಜಾಣರು' ಯಾರೆಂದು ಕೇಳಿದರೆ ಹೆಚ್ಚಾಗಿ ಹೆಣ್ಣನ್ನೇ ತೋರಿಸುತ್ತಿದ್ದರು. ಆರು ದಾಟುತ್ತಿದ್ದಂತೆ ಅದು ಕಡಿಮೆಯಾಗಿತ್ತು. ಒಂದನೇ ಕ್ಲಾಸಿಗೆ ಸೇರುವ ಮುಂಚಿನ ವರ್ಷಗಳು ಕೈಜಾರದಿರಲಿ.

ಮೊದಲು ಲೆಕ್ಕ ಹಾಕಿ

ಮನೆಯ ಅಥವಾ ಅಂಗನವಾಡಿಯ ಹತ್ತು ಪುಸ್ತಕ ತೆಗೆದು, ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಒಂದು ಹುಡುಗಿ, ಹೆಂಗಸರಿಗೆ. ಇನ್ನೊಂದು ಹುಡುಗ, ಗಂಡಸರಿಗೆ. ಪ್ರತಿ ಚಿತ್ರಕ್ಕೂ ಒಂದೊಂದು ಗೀಟು: ಓಡುತ್ತಿರುವವರು ಯಾರು, ನಿಂತು ನೋಡುತ್ತಿರುವವರು ಯಾರು, ಕೈಯಲ್ಲಿ ಸಲಕರಣೆ ಇರುವುದು ಯಾರಿಗೆ, ಕೊನೆಗೆ ಸಮಸ್ಯೆ ಬಿಡಿಸಿದ್ದು ಯಾರು. ಇದಕ್ಕೆ ಅರ್ಧ ಗಂಟೆ ಸಾಕು. ಕಥೆ ಎಷ್ಟೇ ಚೆನ್ನಾಗಿದ್ದರೂ ಅಮ್ಮ ಪ್ರತಿ ಪುಟದಲ್ಲೂ ಒಲೆಯ ಮುಂದೆಯೇ ಇರುವುದು ಆಗ ಕಣ್ಣಿಗೆ ಬೀಳುತ್ತದೆ. ಅನುಮಾನವಿದ್ದರೆ ಪಾತ್ರಗಳ ಹೆಸರು ಅದಲುಬದಲು ಮಾಡಿ ಓದಿ. ಎಲ್ಲಿ ನಗು ಬರುತ್ತದೋ ಅಲ್ಲೇ ರೂಢಿ ಕೂತಿದೆ.

ಹುಡುಗಿ ವಿಮಾನ ಹಾರಿಸುವ ಪುಸ್ತಕ ಈಗ ಸಿಗುತ್ತವೆ. ಕೊರತೆ ಇರುವುದು ಹುಡುಗ ಅಳುವ, ತಂಗಿಯ ತಲೆ ಬಾಚುವ, ಮಗುವನ್ನು ಕಂಕುಳಲ್ಲಿ ಎತ್ತಿಕೊಳ್ಳುವ ಪುಸ್ತಕಗಳಿಗೆ. ಅವನ್ನು ಹುಡುಕಿಯೇ ತರಬೇಕು. ಮೊದಲ ಹತ್ತು ಪುಟವೆಲ್ಲ 'ಹುಡುಗಿಯಾಗಿ ನಿನಗ್ಯಾಕೆ ಇದು' ಎಂದು ಹೀಯಾಳಿಸಿ, ಕೊನೆಯ ಪುಟದಲ್ಲಿ ಗೆಲ್ಲಿಸುವ ಕಥೆ ಬೇಡ. ಚಿಕ್ಕ ಮಕ್ಕಳಿಗೆ ಗೆದ್ದದ್ದಕ್ಕಿಂತ ಹತ್ತು ಪುಟದ ಬೈಗುಳ ಚೆನ್ನಾಗಿ ನಾಟುತ್ತದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಪುಸ್ತಕಗಳು ಬಿಟ್ಟಿಯಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಮೂರು, ನಾಲ್ಕು ವರ್ಷಕ್ಕೆ ಅಲ್ಲಿನ ಹಂತ 1ರ, ಅಂದರೆ ತೀರಾ ಸುಲಭದ ಪುಸ್ತಕ ನೋಡಿ.

ಮೂರು ದಿನ, ಒಂದೇ ಪುಸ್ತಕ

ಎಂಟು, ಹತ್ತು ಮಕ್ಕಳು, ಹದಿನೈದು ನಿಮಿಷ. ಚಿತ್ರ ಎಲ್ಲರಿಗೂ ಕಾಣುವಂತೆ ಅರ್ಧವೃತ್ತದಲ್ಲಿ ಕೂರಿಸಿ.

ಮೊದಲ ದಿನ ಸುಮ್ಮನೆ ಓದಿ. ನಡುವೆ ಪಾಠ ಬೇಡ. ಕಥೆ ಇಷ್ಟವಾಗದೆ ಮುಂದಿನದ್ದು ಯಾವುದೂ ನಡೆಯುವುದಿಲ್ಲ.

ಮಾರನೆಯ ದಿನ ಎರಡೇ ಕಡೆ ನಿಲ್ಲಿಸಿ, ಚಿತ್ರದ ಕೈಗಳನ್ನು ತೋರಿಸಿ. 'ಈ ಕೈ ಏನ್ ಮಾಡ್ತಿದೆ? ಬೆರಳಿಗೆ ಏನು ಅಂಟಿದೆ?' ಹಿಟ್ಟು ಅನ್ನುತ್ತವೆ. 'ಯಾರ ಕೈ ಇದು?' ಅಪ್ಪಂದು. ಇಷ್ಟು ಸಾಕು. ಬಹಳ ಜನ ಎಡವುವುದು ಇಲ್ಲೇ. 'ಹುಡುಗರೂ ಅಡುಗೆ ಮಾಡಬಹುದು ಅಲ್ವಾ ಮಕ್ಕಳೇ?' ಎಂದರೆ 'ಹೌದು ಮಿಸ್' ಎಂದು ಒಕ್ಕೊರಲಿನಿಂದ ಬರುತ್ತದೆ, ಮಿಸ್‌ಗೆ ಏನು ಬೇಕೆಂದು ಅವಕ್ಕೆ ಗೊತ್ತು. 'ಹುಡುಗೀರು ಲಾರಿ ಓಡಿಸಲ್ಲ ಅಂತ ಯಾರು ಹೇಳಿದ್ದು?' ಅನ್ನುವುದು ಇನ್ನೂ ಕೆಟ್ಟದ್ದು. ಆ ಯೋಚನೆಯೇ ಇಲ್ಲದ ಮಗುವಿಗೆ ನಾವೇ ಹೇಳಿಕೊಟ್ಟಂತೆ.

ಮೂರನೆಯ ಓದು ಒಂದು ವಾರದ ನಂತರ. ಈ ಸಲ ಪುಸ್ತಕ ಮುಚ್ಚಿಟ್ಟು ಕಥೆ ಮಕ್ಕಳಿಂದ ಹೇಳಿಸಿ. ಅಪ್ಪ ಅಮ್ಮನಾಗಿದ್ದರೆ 'ತಪ್ಪು' ಅನ್ನದೆ 'ನೋಡೋಣ್ವಾ?' ಎಂದು ಪುಟ ತೆಗೆಯಿರಿ. ಮಗು ತಾನೇ ಕಂಡುಕೊಂಡದ್ದು ಉಳಿಯುತ್ತದೆ.

ಬಂದನೋ, ಬಂದಳೋ, ಬಂತೋ

ಹಿಂದಿಯಲ್ಲಿ ಆನೆಗೂ ಇಲಿಗೂ ಗಂಡೋ ಹೆಣ್ಣೋ ಆಗದೆ ಗತಿಯಿಲ್ಲ. ಕನ್ನಡದಲ್ಲಿ ಆನೆ 'ಬಂತು', ಅಷ್ಟೆ. ಆದರೂ ಗಟ್ಟಿಯಾಗಿ ಓದುವಾಗ ನಾವೇ ಕರಡಿರಾಯ, ಸಿಂಹರಾಜ, ನರಿಯಣ್ಣ ಎಂದು ಬಾಲ ಸೇರಿಸುತ್ತೇವೆ. ಬಲಶಾಲಿ, ಜಾಣ ಪ್ರಾಣಿಗಳೆಲ್ಲ ಗಂಡಾಗಿ, ಅಕ್ಕ ಆಗುವುದು ಹೆಚ್ಚಾಗಿ ಗುಬ್ಬಚ್ಚಿ. ಪುಸ್ತಕದಲ್ಲಿ ಇಲ್ಲದಿದ್ದರೆ ಸೇರಿಸಬೇಡಿ. ಪೊಲೀಸಪ್ಪ, ನರ್ಸಮ್ಮ, ಡ್ರೈವರಣ್ಣ ಕೂಡ ಹೀಗೇ ನಾಲಿಗೆಗೆ ತಾನಾಗಿ ಬರುವಂಥವು.

'ಅವರು' ಇನ್ನೊಂದು ಅನುಕೂಲ. 'ಡಾಕ್ಟರು ಬಂದರು, ಬ್ಯಾಗ್ ಕೆಳಗಿಟ್ಟರು' ಎಂದು ಓದುತ್ತಾ ಚಿತ್ರದ ಮುಖದ ಮೇಲೆ ಅಂಗೈ ಇಡಿ. ಯಾರಿರಬಹುದು ಎಂದು ಮಕ್ಕಳು ಊಹಿಸಲಿ, ಆಮೇಲೆ ಕೈ ತೆಗೆಯಿರಿ. ಮೂರು ಪುಸ್ತಕದಲ್ಲಿ ಒಂದರಲ್ಲಾದರೂ ಊಹೆ ನಿಜವಾಗಬೇಕು. ಪ್ರತಿ ಸಲ ಉಲ್ಟಾ ಬಂದರೆ ಮಕ್ಕಳು ಚಿತ್ರ ನೋಡುವುದು ಬಿಟ್ಟು ಮಿಸ್‌ನ ತಂತ್ರ ಹಿಡಿಯುತ್ತವೆ.

ಮಕ್ಕಳು ಎದುರಾಡಿದಾಗ

'ನಮ್ಮನೇಲಿ ಅಮ್ಮನೇ ಅಡುಗೆ ಮಾಡೋದು' ಎಂದು ಒಂದು ಮಗು ಹೇಳಿಯೇ ಹೇಳುತ್ತದೆ. ಅದು ನಿಜ, ತಪ್ಪೂ ಅಲ್ಲ. ಅಮ್ಮನ ಕೆಲಸ ಸಣ್ಣದೆಂಬ ಮಾತು ಅಲ್ಲಿ ಬರಕೂಡದು. 'ಮದುವೆ ಮನೇಲಿ ಸಾಂಬಾರು ಮಾಡಿದ್ದು ಯಾರು?' ಎಂದು ಕೇಳಿ ನೋಡಿ. ಅಡುಗೆ ಭಟ್ಟರನ್ನು ಮಕ್ಕಳು ನೋಡಿರುತ್ತವೆ. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಗಂಡಸರು, ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು, ಬಸ್ಸಿನ ಮಹಿಳಾ ಕಂಡಕ್ಟರ್ ಒಬ್ಬೊಬ್ಬರಾಗಿ ಹೊರಬರುತ್ತಾರೆ.

'ಹುಡುಗಿ ಥರ ಅಳ್ತಾನೆ' ಎಂದು ಯಾರಾದರೂ ಒಬ್ಬ ಹುಡುಗನನ್ನು ಆಡಿಕೊಂಡರೆ ಆ ಹುಡುಗನನ್ನು ಎದ್ದು ನಿಲ್ಲಿಸಿ ಸಮರ್ಥಿಸಬೇಡಿ, ಅವನಿಗೆ ಇನ್ನಷ್ಟು ನಾಚಿಕೆ. 'ಮಂಡಿ ತರಚಿದೆ, ಉರೀತಿದೆ, ಅದಕ್ಕೆ ಅಳ್ತಿದ್ದಾನೆ' ಎಂದು ಕಾರಣ ಹೇಳಿ ಓದು ಮುಂದುವರಿಸಿ. ಅಳುವ ಹುಡುಗನ ಪುಸ್ತಕವನ್ನು ಅವತ್ತೇ ತೆಗೆಯಬೇಡಿ, ನಾಲ್ಕು ದಿನ ಕಳೆಯಲಿ.