ಕಾರವಾರದ ತೇವದಲ್ಲಿ ಫೆಮ್ಟೋಸೆಕೆಂಡ್ ಫೈಬರ್ ಲೇಸರ್ ಕಟ್ಟುವುದು

ಫೆಮ್ಟೋಸೆಕೆಂಡ್ ಫೈಬರ್ ಲೇಸರ್ ಎಂದರೆ ಗಾಜಿನ ಎಳೆಯೊಳಗೆ, ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತಲೂ ಚಿಕ್ಕದಾದ ಬೆಳಕಿನ ಸ್ಪಂದನಗಳನ್ನು ಹುಟ್ಟಿಸುವ ಲೇಸರ್. ಕಾರವಾರದಂಥ ಕರಾವಳಿ ಊರಿನಲ್ಲಿ ಇದನ್ನು ಕಟ್ಟಲು ಕೂರುವವರು ಬೆಳಕಿನ ಲೆಕ್ಕಕ್ಕಿಂತ ಮೊದಲು ತೇವದ ಲೆಕ್ಕ ಹಾಕಬೇಕು. ಆಷಾಢದಲ್ಲಿ ಕಪಾಟಿನೊಳಗಿನ ಮಸೂರಕ್ಕೂ ಬೂಷ್ಟು ಹಿಡಿಯುವ ಈ ಹವೆಯಲ್ಲಿ, ಸುಮಾರು 9 ಮೈಕ್ರೋಮೀಟರ್ ಅಗಲದ ಫೈಬರ್ ತಿರುಳಿನ ಮೇಲೆ ಒಂದು ಕಣ ಕೂತರೂ ವಾರದ ಕೆಲಸ ಹಾಳಾಗುತ್ತದೆ. ಆದ್ದರಿಂದ ಕನೆಕ್ಟರುಗಳನ್ನು ಕಡಿಮೆ ಮಾಡಿ, ಆದಷ್ಟೂ ಕಡೆ ಬೆಸುಗೆಯನ್ನೇ ಹಾಕಿ.

980 ನ್ಯಾನೋಮೀಟರ್ ಪಂಪ್ ಡಯೋಡಿನ ಬೆಳಕನ್ನು ಡಬ್ಲ್ಯೂಡಿಎಂ ಕಪ್ಲರ್ (ಎರಡು ತರಂಗಾಂತರದ ಬೆಳಕನ್ನು ಒಂದೇ ಫೈಬರಿಗೆ ಸೇರಿಸುವ ಬಿಡಿಭಾಗ) ಮೂಲಕ ಎರ್ಬಿಯಂ ಧಾತು ಬೆರೆಸಿದ ಸುಮಾರು ಒಂದು ಮೀಟರ್ ಫೈಬರಿಗೆ ಹಾಯಿಸಿ, ಅಲ್ಲಿ ಹುಟ್ಟುವ 1550 ನ್ಯಾನೋಮೀಟರ್ ಆಸುಪಾಸಿನ ಬೆಳಕನ್ನು ಬೆಳಕನ್ನು ಒಂದು ಬಾಯಿಂದ ಮುಂದಿನ ಬಾಯಿಗೆ ಒಂದೇ ದಿಕ್ಕಿನಲ್ಲಿ ದಾಟಿಸುವ ಸರ್ಕ್ಯುಲೇಟರಿನ ಮೊದಲ ಬಾಯಿಗೆ ಕೊಡಿ. ಎರಡನೆಯ ಬಾಯಿಗೆ ಸೆಸಾಮ್ ಎಂಬ ಅರೆವಾಹಕ ಕನ್ನಡಿಯನ್ನು ತಾಗಿಸಬೇಕು. ಮೂರನೆಯ ಬಾಯಿಂದ ಮರಳುವ ಬೆಳಕಿನಲ್ಲಿ ಹತ್ತನೇ ಒಂದು ಪಾಲನ್ನು ಹೊರಗೆ ತೆಗೆದು, ಉಳಿದದ್ದನ್ನು ಧ್ರುವೀಕರಣ ನಿಯಂತ್ರಕದ (ಬೆಳಕು ಕಂಪಿಸುವ ದಿಕ್ಕನ್ನು ಹೊಂದಿಸುವ ಹಿಡಿಕೆಗಳ) ಮೂಲಕ ಕಪ್ಲರಿಗೇ ಮರಳಿಸಿ ಫೈಬರಿನ ಉಂಗುರವನ್ನು ಮುಚ್ಚಬೇಕು.

ಇಡೀ ಆಟ ಈ ಕನ್ನಡಿಯದು. 1992ರಲ್ಲಿ ಭೌತವಿಜ್ಞಾನಿ ಉರ್ಸುಲಾ ಕೆಲ್ಲರ್ ಬಳಕೆಗೆ ತಂದ ಈ ಕನ್ನಡಿಯ ಅರೆವಾಹಕ ಪದರವು ಮಂದ ಬೆಳಕನ್ನು ನುಂಗುತ್ತದೆ, ಪ್ರಖರ ಬೆಳಕಿಗೆ ಮಾತ್ರ ಹೊಟ್ಟೆ ತುಂಬಿ ಅದನ್ನು ಹಿಂದಕ್ಕೆ ಬಿಡುತ್ತದೆ. ಹಾಗಾಗಿ ಗದ್ದಲದಲ್ಲಿ ಆಕಸ್ಮಿಕವಾಗಿ ಎದ್ದ ಒಂದು ಏರು ಪ್ರತಿ ಸುತ್ತಿನಲ್ಲೂ ಬಲಿಯುತ್ತ, ಬೆಳಕಿನ ಸಾವಿರಾರು ಕಂಪನಾವೃತ್ತಿಗಳು ರಂಪಣಿ ಬಲೆ ಎಳೆಯುವ ಕೈಗಳಂತೆ ಒಂದೇ ಲಯಕ್ಕೆ ಬರುತ್ತವೆ. ಇದೇ ಮೋಡ್-ಲಾಕಿಂಗ್.

ಪಂಪಿನದು, ಲೇಸರಿನದು ಎರಡೂ ತರಂಗಗಳು ಕಣ್ಣಿಗೆ ಕಾಣವು. ರಕ್ಷಣಾ ಕನ್ನಡಕ ಹಾಕದೆ ಪಂಪ್ ಮುಟ್ಟಬೇಡಿ. ವಿದ್ಯುತ್ತನ್ನು ನಿಧಾನವಾಗಿ ಏರಿಸಿ. ನಾನು ಮೊದಲ ಸಲ ಅವಸರ ಮಾಡಿದಾಗ, ಕಿಲೋಹರ್ಟ್ಸ್ ಲಯದಲ್ಲಿ ಉಬ್ಬಿ ಇಳಿಯುವ ಕ್ಯೂ-ಸ್ವಿಚಿಂಗ್ ಶುರುವಾಗಿ ಕನ್ನಡಿಯ ಮೇಲೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ ಉಳಿಯಿತು. ಆ ಜಾಗ ಮತ್ತೆ ಕೆಲಸಕ್ಕೆ ಬರಲಿಲ್ಲ.

ಮೋಡ್-ಲಾಕಿಂಗ್ ಆಗಿದೆಯೆಂದು ಆಸಿಲೋಸ್ಕೋಪ್ ಒಂದನ್ನೇ ನಂಬಬಾರದು. ಉಂಗುರದ ಒಟ್ಟು ಉದ್ದ 10 ಮೀಟರ್ ಇದ್ದರೆ ಸ್ಪಂದನಗಳ ಅಂತರ ಸುಮಾರು 49 ನ್ಯಾನೋಸೆಕೆಂಡ್ ಇರಬೇಕು. ಅದರ ಅರ್ಧಕ್ಕೆ ಬಂದರೆ ಒಳಗೆ ಎರಡು ಸ್ಪಂದನಗಳಿವೆ, ಪಂಪ್ ಇಳಿಸಿ. ಸ್ಪಂದನದ ಅಗಲವನ್ನು ಫೋಟೋಡಯೋಡ್ ತೋರಿಸಲಾರದು. ರೋಹಿತದ ಅಗಲ 8 ನ್ಯಾನೋಮೀಟರ್ ಇದ್ದರೆ ಸಾಲಿಟಾನ್ ಸ್ಪಂದನ (ಫೈಬರಿನಲ್ಲಿ ಆಕಾರ ಕೆಡದೆ ಸಾಗುವ ಸ್ಪಂದನ) ಹೆಚ್ಚೆಂದರೆ ಸುಮಾರು 315 ಫೆಮ್ಟೋಸೆಕೆಂಡಿಗೆ ಕುಗ್ಗಬಲ್ಲದು; ಸ್ಪಂದನವನ್ನು ಅದರದೇ ನಕಲಿನೊಂದಿಗೆ ಹೋಲಿಸಿ ಅಳೆಯುವ ಆಟೋಕೋರಿಲೇಟರಿನ ರೇಖೆಯ ಅಗಲವನ್ನು 1.54ರಿಂದ ಭಾಗಿಸಿ ಹೋಲಿಸಿ.

ಸ್ಪಂದನ ನೆಲೆ ನಿಂತ ಕೂಡಲೇ ಫೈಬರಿನ ಸುರುಳಿಗಳನ್ನು ಟೇಪಿನಿಂದ ಮೇಜಿಗೆ ಅಂಟಿಸಿ. ಸೆಕೆಗೆಂದು ಹಾಕಿದ ಫ್ಯಾನಿನ ಗಾಳಿಗೆ ಒಂದು ಸುರುಳಿ ಅಲುಗಿದರೂ ಧ್ರುವೀಕರಣ ಬದಲಾಗಿ, ನಿಯಂತ್ರಕದ ಹಿಡಿಕೆಗಳನ್ನು ಮೊದಲಿನಿಂದ ತಿರುಗಿಸುತ್ತ ಕೂರಬೇಕಾಗುತ್ತದೆ.